ಕಂಪನಿ ‘ಅಡ್ಮಿಟ್’ ಮಾಡಿದೆ ಎಂದರೆ ತಪ್ಪೊಪ್ಪಿಕೊಂಡಿದೆ ಎಂದರ್ಥವೇ?

“ಕೊನೆಗೂ ತಪ್ಪೊಪ್ಪಿಕೊಂಡ ಲಸಿಕೆ ಕಂಪನಿ!” 2024ರ ಏಪ್ರಿಲ್ ಕೊನೆಯಲ್ಲಿ ಕೋವಿಶೀಲ್ಡ್ ಬಗ್ಗೆ ಈ ಧಾಟಿಯ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡಿದವು. ಲಸಿಕೆ ಹಾಕಿಸಿಕೊಂಡ ಹಲವರು ಗಾಬರಿಯಾದರು. ಆದರೆ ಕಂಪನಿ ಒಪ್ಪಿಕೊಂಡಿದ್ದು ಏನನ್ನು?

ನಡೆದಿದ್ದೇನು?

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೋವಿಶೀಲ್ಡ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ಕಂಪನಿಯ ಲಸಿಕೆಯೇ. ಈ ಲಸಿಕೆಯಿಂದ ಸಾವು, ತೊಂದರೆ ಆಗಿದೆ ಎಂದು ಬ್ರಿಟನ್ನಿನ ಹಲವು ಕುಟುಂಬಗಳು ಲಂಡನ್ನಿನ ಹೈಕೋರ್ಟ್‌ನಲ್ಲಿ ಪರಿಹಾರ ಕೇಳಿದ್ದವು. 2024ರ ಫೆಬ್ರವರಿಯಲ್ಲಿ ಕಂಪನಿ ಲಿಖಿತ ಉತ್ತರ ಕೊಟ್ಟಿತು. ಲಸಿಕೆಯಿಂದ ಅತಿ ವಿರಳವಾಗಿ ‘ಟಿಟಿಎಸ್’ ಬರಬಹುದು ಎಂಬುದನ್ನು ಅದರಲ್ಲಿ ‘ಅಡ್ಮಿಟ್’ ಮಾಡಿತು. ಪ್ಲೇಟ್‌ಲೆಟ್ ಕಡಿಮೆಯಾಗಿ, ಜೊತೆಗೆ ರಕ್ತ ಹೆಪ್ಪುಗಟ್ಟುವ ಅಪಾಯಕಾರಿ ಸ್ಥಿತಿಯೇ ಟಿಟಿಎಸ್.

ನಾಲ್ಕು ಪದ, ನಾಲ್ಕು ಅರ್ಥ

ಅಕ್ನಾಲೆಜ್: ಗಮನಕ್ಕೆ ಬಂದಿದೆ ಎನ್ನುವುದು. ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಅಕ್ನಾಲೆಜ್‌ಮೆಂಟ್ ನೆನಪಿಸಿಕೊಳ್ಳಿ. ಅರ್ಜಿ ತಲುಪಿದೆ ಎಂದಷ್ಟೇ ಅರ್ಥ, ಮಂಜೂರಾಗಿದೆ ಎಂದಲ್ಲ.

ಅಡ್ಮಿಟ್: ಒಂದು ಸಂಗತಿ ನಿಜ ಎನ್ನುವುದು. ಲ್ಯಾಟಿನ್ ಮೂಲದಲ್ಲಿ ಇದಕ್ಕೆ ‘ಒಳಗೆ ಬಿಡು’ ಎಂಬ ಅರ್ಥ. ಆಸ್ಪತ್ರೆಗೆ ಅಡ್ಮಿಟ್ ಆಗುವುದೂ ಇದೇ ಪದ.

ಕನ್ಸೀಡ್: ವಾದ ಮಾಡಿ ಕೊನೆಗೆ ಬಿಟ್ಟುಕೊಡುವುದು. ಚುನಾವಣೆಯಲ್ಲಿ ಸೋಲೊಪ್ಪಿಕೊಳ್ಳುವುದಕ್ಕೂ ಇದೇ ಪದ.

ಕನ್ಫೆಸ್: ‘ತಪ್ಪು ಮಾಡಿದ್ದು ನಾನೇ’ ಎನ್ನುವುದು. ಚರ್ಚಿನಲ್ಲಿ ಪಾಪನಿವೇದನೆ, ಅಪರಾಧ ಪ್ರಕರಣದಲ್ಲಿ ತಪ್ಪೊಪ್ಪಿಗೆ.

ಕನ್ನಡಕ್ಕೆ ಬಂದಾಗ ನಾಲ್ಕಕ್ಕೂ ಸಾಮಾನ್ಯವಾಗಿ ‘ಒಪ್ಪಿಕೊಂಡರು’ ಎಂದೇ ಬರೆಯುತ್ತೇವೆ. ಅದರ ಹಿಂದೆ ‘ತಪ್ಪು’ ಎಂಬ ಎರಡಕ್ಷರ ಸೇರಿದರೆ ಸುದ್ದಿಯೇ ಬದಲಾಗುತ್ತದೆ.

ಇಂಗ್ಲೆಂಡಿನ ಸಿವಿಲ್ ಮೊಕದ್ದಮೆಗಳಲ್ಲಿ ಪ್ರತಿವಾದಿಯು ಪ್ರತಿ ಆರೋಪಕ್ಕೂ ಉತ್ತರಿಸಬೇಕು: ಅಡ್ಮಿಟ್ ಮಾಡಬೇಕು, ನಿರಾಕರಿಸಬೇಕು ಅಥವಾ ‘ಸಾಬೀತುಪಡಿಸಿ’ ಎನ್ನಬೇಕು. ಆಸ್ಟ್ರಾಜೆನೆಕಾ ಬಳಸಿದ ‘ಅಡ್ಮಿಟ್’ ಇದೇ ಕ್ರಮದ್ದು.

ಹಾಗಾದರೆ ಇದು ಏನೂ ಅಲ್ಲವೇ?

ಹಾಗೂ ಅಲ್ಲ. 2023ರಲ್ಲಿ ಇದೇ ಕುಟುಂಬಗಳ ವಕೀಲರಿಗೆ ಉತ್ತರಿಸುವಾಗ ಕಂಪನಿ ಇಷ್ಟನ್ನೂ ಒಪ್ಪಿರಲಿಲ್ಲ. ಮನೆಯವರನ್ನು ಕಳೆದುಕೊಂಡವರಿಗೆ ಆ ಒಂದು ವಾಕ್ಯ ದೊಡ್ಡದು. ಆದರೂ ಇಂಥ ವ್ಯಕ್ತಿಗೆ ತೊಂದರೆ ಆಗಿದ್ದು ಲಸಿಕೆಯಿಂದಲೇ ಎಂದು ಕಂಪನಿ ಒಪ್ಪಿರಲಿಲ್ಲ.

ಇದು ಮುಚ್ಚಿಟ್ಟ ಗುಟ್ಟೂ ಅಲ್ಲ. ಇದನ್ನು ಅತಿ ವಿರಳ ಅಡ್ಡಪರಿಣಾಮವೆಂದು ಪಟ್ಟಿ ಮಾಡಬೇಕು ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್‌ನಲ್ಲೇ ಬಹಿರಂಗವಾಗಿ ಹೇಳಿತ್ತು. ಟಿಟಿಎಸ್ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಲಸಿಕೆ ಪಡೆದ ಮೊದಲ ಕೆಲವು ವಾರಗಳಲ್ಲಿ. ವರ್ಷಗಳ ಹಿಂದೆ ಹಾಕಿಸಿಕೊಂಡವರು ಈ ಸುದ್ದಿಯಿಂದ ಹೆದರಬೇಕಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

‘ಒಪ್ಪಿಕೊಂಡರು’ ಎಂಬ ತಲೆಬರಹ ಕಂಡರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಪ್ಪಿದ್ದು ಸಂಗತಿಯನ್ನೋ, ತಪ್ಪನ್ನೋ? ಮೂಲದಲ್ಲಿದ್ದ ಪದ ಯಾವುದು? ಉತ್ತರ ಸಿಗುವವರೆಗೆ ಆ ಸಂದೇಶ ನಿಮ್ಮ ಫೋನಿನಲ್ಲೇ ಇರಲಿ.