ಪದವೂ ಅದರ ತಾಣವೂ
ಜತ್ತ ತಾಲೂಕಿನ ಬೆಳುಂಕಿಯಲ್ಲಿ ಕನ್ನಡಿಗರ ಮನೆಮಾತು ಕನ್ನಡ. ಕಚೇರಿಯ ಭಾಷೆ ಮರಾಠಿ. ಕರ್ನಾಟಕದ ‘ಪಹಣಿ’ ಅಲ್ಲಿ ‘ಸಾತಬಾರಾ ಉತಾರಾ’, ಸಭೆಯ ‘ನಿರ್ಣಯ’ ಅಲ್ಲಿ ‘ಠರಾವು’. ಗ್ರಾಂಥಿಕ ಕನ್ನಡ ನಮಗೆ ಸರಕಾರಿ ಆದೇಶಗಳಲ್ಲಿ, ಫಲಕಗಳಲ್ಲಿ ನಿತ್ಯ ಎದುರಾಗುತ್ತದೆ. ಗಡಿಯಾಚೆಯ ವಿದ್ಯಾರ್ಥಿಗೆ ಅದು ಬಹುಮಟ್ಟಿಗೆ ಪಠ್ಯದಲ್ಲಿ ಮಾತ್ರ ದೊರೆಯುತ್ತದೆ.

ಆದುದರಿಂದ ಶಿಷ್ಟ ಪದಗಳೊಡನೆ ಅವುಗಳ ತಾಣವನ್ನೂ ಕಲಿಸಬೇಕು. ತಲಾಠಿಯ ಮುಂದೆ ‘ಪಹಣಿ’ ಎಂದರೆ ಕೆಲಸ ಸಾಗದು. ಕರ್ನಾಟಕದ ಕಚೇರಿಗೆ ಬರೆಯುವಾಗ ಆ ಪದ ತಿಳಿಯದಿದ್ದರೂ ಸಾಗದು. ಪ್ರಬಂಧದಲ್ಲಿ ‘ಹೊರಟಿದ್ದೇನೆ’ ಎಂದು ಬರೆಯುವವನು ಅವ್ವನೆದುರು ‘ಹೊಂಟೇನಿ’ ಎನ್ನುವುದು ದೋಷವಲ್ಲ, ಔಚಿತ್ಯ. ಸಂದರ್ಭವರಿತು ಮಾತನಾಡುವ ಕನ್ನಡಿಗರ ಜಾಣ್ಮೆಯನ್ನು 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಮೆಚ್ಚಿಕೊಂಡಿದೆ. ಐಚ್ಛಿಕ ಕನ್ನಡದ ಪ್ರಶ್ನೆಪತ್ರಿಕೆಯೂ ಪದದ ಅರ್ಥವನ್ನಷ್ಟೇ ಅಲ್ಲ, ಅದನ್ನು ಎಲ್ಲಿ, ಯಾರೊಡನೆ ಬಳಸಬೇಕೆಂಬುದನ್ನೂ ಕೇಳಲಿ.