ಏಳು ಗಂಟೆಯೊಳಗೆ ಬನ್ನಿ

ಮಾನ್ಯ ಪಶುಸಂಗೋಪನಾ ಸಚಿವರಿಗೆ,

ಕುದುರೆ ಕಂಡರೆ ಕಾಲುನೋವು ಅನ್ನುವ ಗಾದೆ ನಡೆಯಲು ಸೋಮಾರಿಯಾದ ಮನುಷ್ಯನದು. ನಾನು ಬರೆಯುತ್ತಿರುವುದು ಕುದುರೆಯದೇ ಕಾಲುನೋವಿನ ಬಗ್ಗೆ. ತಮ್ಮ ಇಲಾಖೆಯಲ್ಲೇ ಪಶುವೈದ್ಯನಾಗಿದ್ದು ನಿವೃತ್ತನಾದವನು. ಮಂತ್ರಿಗಳ ಕಾಲು ಹಿಡಿದು ಅಭ್ಯಾಸವಿಲ್ಲ. ಮೈಸೂರಿನ ಟಾಂಗಾ ಕುದುರೆಗಳ ಕಾಲು ಹಿಡಿಯುವುದನ್ನು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಕುದುರೆ ಮುಂದಿನ ಎಡಗಾಲನ್ನು ನೆಲಕ್ಕೆ ಸೋಕಿಸದೆ ನಿಂತಿತ್ತು. "ಹೊಸ ಲಾಳ ಕಟ್ಸಿ ನಾಲ್ಕು ದಿನ ಆಯ್ತು ಸಾ, ಊರಕ್ಕೇ ಒಲ್ಲದು" ಅಂದ ಗಾಡಿಯವನು. ಕಾಲನ್ನು ಮಡಚಿ ಮಂಡಿಗಳ ನಡುವೆ ಇಟ್ಟುಕೊಂಡು ಮೊಳೆಗಳನ್ನು ಒಂದೊಂದಾಗಿ ಕಿತ್ತೆ. ಮೂರನೆಯದಕ್ಕೆ ಇಕ್ಕಳ ತಾಗಿದ್ದೇ ತಡ, ಕುದುರೆ ಕಾಲು ಜಾಡಿಸಿತು. ಮೊಳೆಯ ಹಿಂದೆಯೇ ಕಪ್ಪು ಕೀವು ಜಿನುಗಿತು. ಕೆಟ್ಟ ನಾತ.

ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ, ಹೊಡೆದರೂ ಕತ್ತರಿಸಿದರೂ ನೋವಿಲ್ಲ. ಅಡಿಯಿಂದ ನೋಡಿದರೆ ಅದರ ಒಳಬದಿಗೆ ಒಂದು ಬಿಳಿ ಗೆರೆ ಕಾಣುತ್ತದೆ. ಆ ಗೆರೆ ದಾಟಿದರೆ ರಕ್ತ, ನರ. ಲಾಳದ ಮೊಳೆಯ ತುದಿ ಒಂದು ಮಗ್ಗುಲಿಗೆ ಓರೆಯಾಗಿರುತ್ತದೆ. ಓರೆಯನ್ನು ಒಳಮುಖವಾಗಿಟ್ಟು ಹೊಡೆದರೆ ಮೊಳೆ ತಾನಾಗಿಯೇ ಬಾಗಿ ಗೋಡೆಯಿಂದ ಹೊರಬರುತ್ತದೆ. ತಿರುವುಮುರುವಾದರೆ ಸೀದಾ ಜೀವದೊಳಕ್ಕೆ. ಧನುರ್ವಾಯು ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗಳಿಗೆ ತಗಲುವುದಿಲ್ಲ ಎಂಬುದನ್ನೂ ಇದರ ಜೊತೆ ಸೇರಿಸಿಕೊಳ್ಳಿ.

ಆ ಲಾಳ ಕಟ್ಟಿದ ಹಿರಿಯರನ್ನು ಹುಡುಕಿಕೊಂಡು ಹೋದೆ, ಬೈಯಲೆಂದೇ. ಅವರು ತಲೆ ಎತ್ತದೆ ಹೇಳಿದರು: "ಕಣ್ಣು ಮಂಜಾಗಿದೆ ಸಾ. ಸದ್ದು ಕೇಳಿ ಹೊಡೀತೀನಿ. ಗಟ್ಟೀಲಿ ಹೋದ್ರೆ ಟಣ್ ಅನ್ನುತ್ತೆ, ಮೆತ್ತಗಿರೋ ಕಡೆ ಹೋದ್ರೆ ಸದ್ದು ಸಾಯುತ್ತೆ. ಈಗ ರೋಡಿನ ಗಲಾಟೇಲಿ ಅದೂ ಕೇಳಲ್ಲ." ಬೈಗುಳ ಬಾಯಲ್ಲೇ ಉಳಿಯಿತು. ನಿಜ ಹೇಳಬೇಕೆಂದರೆ ವೈದ್ಯನಾದ ನಾನು ಮೊಳೆ ಕೀಳಬಲ್ಲೆ, ಹೊಡೆಯಲಾರೆ. ಗೊರಸಿನ ರಚನೆಯನ್ನು ಪರೀಕ್ಷೆಗೆ ಉರು ಹೊಡೆದಿದ್ದೆ, ಸುತ್ತಿಗೆ ಮುಟ್ಟಿರಲಿಲ್ಲ.

ಮೊಳೆಯೊಂದೇ ಅಲ್ಲ ತೊಂದರೆ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಲಾಳ ಇರುವುದರಿಂದ ಅದು ಸವೆಯುವುದಿಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಬೆಳೆದದ್ದನ್ನು ಹೆರೆದು, ಅರದಿಂದ ಮಟ್ಟ ಮಾಡಿ ಮತ್ತೆ ಕಟ್ಟಬೇಕು. ನಮ್ಮಲ್ಲಿ ಲಾಳ ತಾನಾಗಿ ಕಳಚಿ ಬೀಳುವ ತನಕ ಕಾಯುತ್ತಾರೆ. ಆ ಹೊತ್ತಿಗೆ ಗೊರಸಿನ ಮುಂತುದಿ ಉದ್ದವಾಗಿ, ಟಾರು ರಸ್ತೆಯ ಏಟೆಲ್ಲ ಕಾಲಿನ ಹಿಂಬದಿಯ ಸ್ನಾಯುರಜ್ಜುಗಳ ಮೇಲೆ. ಇನ್ನೂ ಕೆಟ್ಟ ರೂಢಿಯೆಂದರೆ ಕೈಗೆ ಸಿಕ್ಕ ಲಾಳಕ್ಕೆ ಹೊಂದುವಂತೆ ಗೊರಸನ್ನೇ ಕತ್ತರಿಸುವುದು. ಚಪ್ಪಲಿ ಚಿಕ್ಕದಾಯಿತೆಂದು ಬೆರಳು ಕೊಯ್ದ ಹಾಗೆ!

ಸ್ವಾಮಿ, ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1965ರಲ್ಲೇ ಲಾಳ ಕಟ್ಟುವವರ ಪರವಾನಗಿಗೆಂದು ಕೇಂದ್ರದ ನಿಯಮಗಳು ಬಂದಿವೆ; ಪರವಾನಗಿ ಇಲ್ಲದೆ ಯಾರೂ ಈ ಕಸುಬು ನಡೆಸುವಂತಿಲ್ಲ. ಬ್ರಿಟನ್ನಿನವರು ತಮ್ಮ ನೋಂದಣಿ ಕಾಯ್ದೆ ಮಾಡಿಕೊಂಡದ್ದು ಹತ್ತು ವರ್ಷ ತಡವಾಗಿ, 1975ರಲ್ಲಿ. ಅಲ್ಲಿ ಹುಡುಗರು ಗುರುವಿನ ಕೈಕೆಳಗೆ ವರ್ಷಗಟ್ಟಲೆ ಪಳಗಿಯೇ ಲಾಳಕ್ಕೆ ಕೈಹಾಕುತ್ತಾರೆ. ನಾನು ಬಲ್ಲ ಲಾಳದವರಲ್ಲಿ ಒಬ್ಬರೂ ಅಂಥ ಪರವಾನಗಿಯನ್ನು ಕಣ್ಣಲ್ಲಿ ಕಂಡವರಲ್ಲ.

ಹಾಗೆಂದು ನಾಳೆಯೇ ಅಧಿಕಾರಿಗಳನ್ನು ಅಟ್ಟಿ ಅವರ ಸುತ್ತಿಗೆ ಕಸಿಯಬೇಡಿ. ಕಲಿಸದೆ ಪರವಾನಗಿ ಕೇಳಿದರೆ ಇರುವ ನಾಲ್ಕು ಜನರೂ ಮನೆ ಸೇರುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಸಂತೆಯಲ್ಲಿ ಎತ್ತಿಗೆ ಲಾಳ ಕಟ್ಟುವವರು ಹಾಗೇ ಮಾಯವಾದರು. ಕಪ್ಪು ಕುದುರೆಯ ಲಾಳದಿಂದ ಉಂಗುರ ಮಾಡಿಸಿ ಶನಿಕಾಟಕ್ಕೆಂದು ತೊಡುವವರಿದ್ದಾರೆ, ಆ ಲಾಳ ಕಟ್ಟಿದವನ ಕಾಟ ಯಾರಿಗೂ ಬೇಡ.

ಕಲಿಸುವವರು ದೂರದಲ್ಲೇನೂ ಇಲ್ಲ. ಟಾಂಗಾ ನಿಲ್ಲುವ ಜಾಗದಿಂದ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್‌ಗೆ ಎಷ್ಟು ದೂರ? ಅಲ್ಲಿನ ಕುದುರೆಗೆ ಅಳತೆ ನೋಡಿ ಅಲ್ಯೂಮಿನಿಯಂ ಲಾಳ. ದಸರೆಯಲ್ಲಿ ಹೆಜ್ಜೆ ಹಾಕುವ ಪೊಲೀಸ್ ಅಶ್ವದಳವೂ ಇದೇ ಊರಿನದು. ಸೇನೆಯ ಅಶ್ವ ಮತ್ತು ಪಶುವೈದ್ಯ ದಳದಿಂದ ನಿವೃತ್ತರಾದ ಲಾಳದವರನ್ನು ಹುಡುಕಿ ಗೌರವಧನ ಕೊಟ್ಟು ಕರೆಸಬಹುದು. ಪಶು ಆಸ್ಪತ್ರೆಯ ಹಿಂಬದಿಯಲ್ಲಿ ಒಂದು ತಗಡಿನ ಸೂರು, ಕುಲುಮೆ, ಅಡಿಗಲ್ಲು, ಒಳ್ಳೆಯ ಅರ. ವಾರಕ್ಕೆರಡು ದಿನ ಅಲ್ಲೇ ಲಾಳ ಕಟ್ಟಿಸಿದರೆ ವೈದ್ಯನ ಕಣ್ಣೂ ಅದರ ಮೇಲಿರುತ್ತದೆ. ಕಲಿತವರಿಗೆ ಪರವಾನಗಿ ಆಮೇಲೆ ಕೊಡಿ, ಫೋಟೊ ಅಂಟಿಸಿಯೇ ಕೊಡಿ.

ಆ ಹಿರಿಯರ ಇಬ್ಬರು ಮಕ್ಕಳೂ ಆಟೊ ಓಡಿಸುತ್ತಾರೆ. ಮೊಮ್ಮಗನೊಬ್ಬ ಮಾತ್ರ ರಜೆಯಲ್ಲಿ ಕುದುರೆಯ ಕಾಲು ಹಿಡಿದುಕೊಡುತ್ತಾನೆ, "ತಾತ, ಈಗ ಸದ್ದು ಸತ್ತೋಯ್ತು" ಅಂತ ಅವನೇ ಹೇಳುತ್ತಾನೆ. ತಾವು ಮೈಸೂರಿಗೆ ಬಂದಾಗ ನೋಡುವ ಮನಸ್ಸಿದ್ದರೆ ಬೆಳಿಗ್ಗೆ ಏಳು ಗಂಟೆಯೊಳಗೆ ಬನ್ನಿ. ಆಮೇಲೆ ಬಸ್ಸುಗಳು ಶುರುವಾಗುತ್ತವೆ, ಏನೂ ಕೇಳಿಸುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯ, ಮೈಸೂರು