ಊರು ಕೊಟ್ಟೆವು, ಮೀನಾದರೂ ತಿನ್ನೋಣ

ರವಿವಾರ ಬಂತೆಂದರೆ ಬಾಗಲಕೋಟೆಯ ಖಂಡದಂಗಡಿ ಮುಂದೆ ಪಾಳಿ. ಅಮೀನಗಡ ಸಂತೆಯ ಕುರಿಗೆ ಇರುವ ಮರ್ಯಾದೆ ಮೀನಿಗಿಲ್ಲ. ‘ಮೀನಿನ್ಯಾಗ ಏನ್ ತಾಕತ್ ಐತ್ರೀ? ತಾಕತ್ ಅಂದ್ರ ಖಂಡಾನ’ ಎಂದು ಇಳಕಲ್ಲ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರು ನನಗೆ ಪಾಠ ಹೇಳಿದರು.

ಲೆಕ್ಕ ಬೇರೆಯೇ ಇದೆ. ನೂರು ಗ್ರಾಂ ಕುರಿ ಖಂಡವಿರಲಿ, ರೋಹು, ಕಟ್ಲಾ ಮೀನಿರಲಿ, ಪ್ರೋಟೀನು ಹೆಚ್ಚುಕಡಿಮೆ 17ರಿಂದ 20 ಗ್ರಾಂ. ಕೊಬ್ಬು ಮಾತ್ರ ಈ ಮೀನಿನಲ್ಲಿ ಎರಡು-ಮೂರು ಗ್ರಾಂ. ಕೊಬ್ಬಿದ ಕುರಿಯಲ್ಲಿ ಹತ್ತು ದಾಟುತ್ತದೆ. ಖಂಡದಲ್ಲಿ ಕಬ್ಬಿಣದಂಶ ಹೆಚ್ಚು, ಸುಳ್ಳಲ್ಲ. ಆದರೆ ದಿನವಿಡೀ ಗಲ್ಲೆ ಮುಂದೆ ಕೂಡುವ ಅಂಗಡಿಕಾರನಿಗೆ ಅಷ್ಟು ಕೊಬ್ಬು ಯಾಕೆ ಬೇಕು? ಖಂಡ ಹಬ್ಬಕ್ಕಿರಲಿ; ವಾರಕ್ಕೆರಡು ದಿನ ರೊಟ್ಟಿ ಜೋಡಿ ಮೀನಿನ ಸಾರು ಇರಲಿ. ಎಣ್ಣೆಯಲ್ಲಿ ಕರಿದರೆ ಮಾತ್ರ ಲೆಕ್ಕ ತಪ್ಪಿತು. ತಿನ್ನದವರಿಗೆ ಹೆಸರುಕಾಳು, ಮಡಕಿಕಾಳು ಇದ್ದೇ ಇವೆ.

2005ರಲ್ಲಿ ಪೂರ್ಣಗೊಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳನ್ನೇ ಬಿಟ್ಟುಕೊಟ್ಟವರು ನಾವು. ಅದೇ ನೀರಿನಲ್ಲಿ ಮೀನು ಬೆಳೆಯುತ್ತದೆ. ಆದರೆ ಪೇಟೆಗೆ ಬಂದ ಮೀನು ಬಿಸಿಲಿನಲ್ಲಿ, ನೊಣ ಮುತ್ತಿಸಿಕೊಂಡು ಬುಟ್ಟಿಯಲ್ಲಿ ಕೂತರೆ ಯಾವ ತಾಯಿ ಕೊಂಡಾಳು? ಕಿವಿರು ಕೆಂಪಗಿದ್ದು, ಕಣ್ಣು ಹೊಳೆದರೆ ತಾಜಾ ಎನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಇರುವುದಿಲ್ಲ.

ಬಾದಾಮಿ, ಹುನಗುಂದ, ಇಳಕಲ್ಲ, ಎಲ್ಲ ಊರ ಸಂತೆಗಳಲ್ಲೂ ಮೀನು ಮಾರುವವರಿಗೆ ನೆರಳು, ನಲ್ಲಿ, ಬರ್ಫದ ಪೆಟ್ಟಿಗೆ ಕೊಡಿ. ಇದಕ್ಕೇನು ಕೋಟಿ ರೂಪಾಯಿ ಬೇಕೇ? ಊರನ್ನೇ ಕೊಟ್ಟವರು ಒಳ್ಳೆಯ ಮೀನು ಕೇಳಿದರೆ ತಪ್ಪೇನ್ರೀ?